ಬೆನ್ನಿನ ಆಸರ

ಹೆಂಡತಿ ಸುಮತವ್ವ ತೀರಿಕೊಂಡ ಮೇಲೆ ನನ್ನ ಬೆನ್ನಿಗೆ ಕೆಲಸವಿಲ್ಲದಂತಾಯಿತು. ಕೈಗೆ ಕೆಲಸವಿತ್ತು. ಬೆಳಿಗ್ಗೆ ಮಿಂದು ಬಸದಿಗೆ ಹೋಗಿ ಪಾರ್ಶ್ವನಾಥನಿಗೆ ಹೂ ಏರಿಸುವುದು, ಬಂದು ಮನೆಯ ಪಕ್ಕದ ನಮ್ಮ ಮಂಡಕ್ಕಿ ಭಟ್ಟಿಯ ಬಾಗಿಲು ತೆಗೆಯುವುದು, ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವುದು, ಇವೆಲ್ಲ ಮೊದಲಿನಂತೆಯೇ ನಡೆದವು. ಬೆನ್ನು ಮಾತ್ರ ಖಾಲಿ. ಸಂಜೆ ಪಡಸಾಲೆಯ ಕಂಬಕ್ಕೆ ಒರಗಿ ಕೂತರೆ ಕಂಬ ತಣ್ಣಗಿರುತ್ತಿತ್ತು. ಅದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ನಮ್ಮ ಊರಿನಲ್ಲಿ ಉಸಿರು ಬೆನ್ನಿನಿಂದ ಬೆನ್ನಿಗೆ ಹೋಗುತ್ತದೆ. ಒಬ್ಬರಿಗೆ ಉಬ್ಬಸ ಎದ್ದಾಗ ಮನೆಯವರಲ್ಲಿ ಒಬ್ಬರು ಅವರ ಬೆನ್ನಿಗೆ ಬೆನ್ನು ಹಚ್ಚಿ ಕೂರುತ್ತಾರೆ. ಅವರ ಏರಿಳಿತಕ್ಕೆ ತಮ್ಮ ಏರಿಳಿತವನ್ನು ಹೊಂದಿಸುತ್ತಾರೆ. ಸ್ವಲ್ಪ ಹೊತ್ತಿಗೆ ಆ ಎದೆಯ ಸಿಳ್ಳು ಈ ಎದೆಗೆ ದಾಟುತ್ತದೆ, ಈ ಎದೆಯ ಸಲೀಸಾದ ಉಸಿರು ಆ ಕಡೆಗೆ ಹೋಗುತ್ತದೆ. ಕೊಟ್ಟವರು ಎದ್ದು ಹಿತ್ತಲಿಗೆ ಹೋಗಿ ನುಗ್ಗೆ ಗಿಡದ ಬುಡದಲ್ಲಿ ಕೆಮ್ಮಿ ಕೆಮ್ಮಿ ಅದನ್ನು ಹೊರಗೆ ಹಾಕಿ, ಬಿಸಿ ಬೆಲ್ಲದ ನೀರು ಕುಡಿಯುತ್ತಾರೆ. ಇದಕ್ಕೆ ನಾವು ಆಸರ ಕೊಡುವುದು ಎನ್ನುತ್ತೇವೆ. ಮಂಡಕ್ಕಿ ಭಟ್ಟಿಗಳ ಊರು ನಮ್ಮದು. ಭತ್ತದ ಹೊಟ್ಟು ಸುಟ್ಟ ಹೊಗೆ, ಹೊಟ್ಟಿನ ದೂಳು ಯಾವಾಗಲೂ ಗಾಳಿಯಲ್ಲಿರುತ್ತವೆ. ಉಬ್ಬಸವಿಲ್ಲದ ಮನೆಯಿಲ್ಲ. ಹಾಗಾಗಿ ಆಸರದ ಕಟ್ಟಳೆಗಳು ಎಲ್ಲರಿಗೂ ಗೊತ್ತು. ಬಸುರಿಯರು ಕೊಡಬಾರದು, ಮಕ್ಕಳು ಕೊಡಬಾರದು. ಕೊಟ್ಟದ್ದನ್ನು ಮುಂದೆ ಜಗಳದಲ್ಲಿ ಎತ್ತಿ ಆಡಬಾರದು. ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ತಿಂದು ಕೈ ತೊಳೆದ ಮೇಲೆ ಹುಡುಗ ಹುಡುಗಿಯನ್ನು ಚಾಪೆಯ ಮೇಲೆ ಬೆನ್ನಿಗೆ ಬೆನ್ನು ಕೂರಿಸಿ ಉಸಿರು ಹೊಂದುತ್ತದೆಯೇ ಎಂದು ನೋಡುತ್ತಾರೆ. ನಾನು ಸುಮತವ್ವನ ಮುಖಕ್ಕಿಂತ ಮೊದಲು ಅವಳ ಬೆನ್ನನ್ನು ಬಲ್ಲೆ.

ಅವಳಿಗೆ ಉಬ್ಬಸವಿದೆ ಎಂದು ತಿಳಿದೇ ಮದುವೆಯಾದೆ. ನನ್ನ ಎದೆ ಆಗ ಭಟ್ಟಿಯ ತಿದಿಯಂತಿತ್ತು. ವರ್ಷಗಳ ಕಾಲ ಕೊಟ್ಟೆ, ಬೇಸರಿಸಲಿಲ್ಲ. ಆದರೆ ಉಸಿರಿಗೂ ಮುಪ್ಪು ಬರುತ್ತದೆ. ಹೋದ ಆಷಾಢದ ಒಂದು ಮಧ್ಯಾಹ್ನ ಅವಳಿಗೆ ಎದ್ದ ಉಬ್ಬಸ ನಾನೆಷ್ಟು ಕೊಟ್ಟರೂ ಇಳಿಯಲಿಲ್ಲ. ಅವಳ ಬೆನ್ನು ಸುಮ್ಮನಾದಾಗ ನಾನು ಎದುರಿನ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಮಣ್ಣಿಗೆ ಬಂದವರಲ್ಲಿ ಯಾರೋ "ಅಜ್ಜನ ಆಸರ ಹಳೇದಾಗಿತ್ತು, ಮುಟ್ಟಲಿಲ್ಲ" ಎಂದದ್ದು ಕಿವಿಗೆ ಬಿತ್ತು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಕಡೆಯ ಸಲ ಅವಳಿಂದ ನನಗೆ ದಾಟಿದ್ದ ಸಿಳ್ಳನ್ನು ನಾನು ನುಗ್ಗೆ ಗಿಡದ ಬುಡಕ್ಕೆ ಒಯ್ಯಲಿಲ್ಲ. ಅದು ನನ್ನ ಎಡ ಪಕ್ಕೆಯಲ್ಲಿ ಕೂತಿತು. ಮಲಗಿದಾಗ ಸಣ್ಣಗೆ ಕೇಳುತ್ತಿತ್ತು. ಕೇಳುತ್ತ ನಿದ್ದೆ ಹೋಗುತ್ತಿದ್ದೆ.

ಅವಳ ಉಬ್ಬಸ ನನ್ನ ಮೊಮ್ಮಗಳು ತ್ರಿಶಲಾಗೆ ಬಂದಿದೆ. ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯ ಹುಡುಗಿ, ಮಾತು ಜಾಸ್ತಿ, ಎದೆ ಚಿಕ್ಕದು. ಅವಳ ಅಪ್ಪ, ಅಂದರೆ ನನ್ನ ಮಗ, ಮಂಡಕ್ಕಿ ಚೀಲಗಳನ್ನು ಟೆಂಪೋದಲ್ಲಿ ಹೇರಿಕೊಂಡು ಸಂತೆಯಿಂದ ಸಂತೆಗೆ ತಿರುಗುವವನು, ಮನೆಯಲ್ಲಿರುವುದು ಕಡಿಮೆ. ಅವಳ ಅವ್ವ ಉಜ್ವಲಾ ಬಸುರಿ, ಕೊಡುವಂತಿಲ್ಲ. ಉಳಿದವನು ನಾನು. ಹುಡುಗಿಗೆ ಉಬ್ಬಸ ಎದ್ದು "ಅಜ್ಜಾ, ಬೆನ್ನು" ಎಂದಾಗಲೆಲ್ಲ ನಾನು ಕೂರುತ್ತಿದ್ದೆ. ಕೂತು, ಆ ಚಿಕ್ಕ ಬೆನ್ನಿನ ಎಲುಬು ನನ್ನ ಬೆನ್ನಿಗೆ ತಾಗಿದೊಡನೆ ನನಗೆ ಅಂಜಿಕೆ ಏಳುತ್ತಿತ್ತು. ಈ ಸಲವೂ ಮುಟ್ಟದಿದ್ದರೆ? ಮುಟ್ಟುತ್ತಿತ್ತು. ಆದರೆ ಪ್ರತಿ ಸಲ ತಡವಾಗಿ ಮುಟ್ಟುತ್ತಿತ್ತು.

ಅಂಥ ದಿನಗಳಲ್ಲಿ ಡಾಕ್ಟರ್ ಫಿಲೋಮಿನಾ ಊರಿಗೆ ಬಂದರು. ದೊಡ್ಡ ಆಸ್ಪತ್ರೆಯವರು. ಉಬ್ಬಸಕ್ಕೆ ಹೊಸದೊಂದು ಔಷಧಿ ಕಂಡುಹಿಡಿದಿದ್ದಾರೆ, ಅದು ನಿಜವಾಗಿ ಗುಣ ಕೊಡುತ್ತದೆಯೇ ಎಂದು ನಮ್ಮ ಊರಿನ ಮಕ್ಕಳಲ್ಲಿ ಪರೀಕ್ಷೆ ಮಾಡಬೇಕು ಎಂದರು. ಹಳೆಯ ಅಂಚೆ ಕಚೇರಿಯ ಮೇಲ್ಮಾಳಿಗೆಯನ್ನು ಬಾಡಿಗೆಗೆ ಹಿಡಿದು, ಒಂದು ಭಾನುವಾರ ಉಬ್ಬಸದ ಮಕ್ಕಳ ಮನೆಯವರನ್ನೆಲ್ಲ ಕೂಡಿಸಿದರು. ಅಂಗೈಯಲ್ಲಿ ಹಿಡಿಯುವ ದುಂಡನೆಯ ಡಬ್ಬಿ ತೋರಿಸಿದರು. ಅದನ್ನು ಬಾಯಿಗಿಟ್ಟು ಜೋರಾಗಿ ಎಳೆದರೆ ಪುಡಿ ಎದೆಗಿಳಿಯುತ್ತದೆ. ಇನ್ನೊಂದು ಊದುವ ಕೊಳವೆ. ಊದಿದರೆ ಮುಳ್ಳು ಮೇಲೇರಿ ಎದೆಯ ಬಲ ಎಷ್ಟೆಂದು ಹೇಳುತ್ತದೆ. ಉಬ್ಬಸ ಎದ್ದೇಬಿಟ್ಟರೆ ಇರಲಿ ಎಂದು ಪ್ರತಿ ಮಗುವಿಗೂ ಒಂದು ನೀಲಿ ಪಂಪು.

"ಅರ್ಧ ಮಕ್ಕಳ ಡಬ್ಬಿಯಲ್ಲಿ ಔಷಧಿ ಇರುತ್ತದೆ," ಎಂದರು ಡಾಕ್ಟರು. "ಇನ್ನರ್ಧ ಮಕ್ಕಳದ್ದರಲ್ಲಿ ಬರೀ ಪುಡಿ. ಹಾಲಿನ ಸಕ್ಕರೆ ಅಷ್ಟೆ."

"ನಮ್ಮ ಹುಡುಗಿಗಿ ಯಾವುದು ಬರ್ತೈತ್ರಿ?" ಎಂದು ಕೇಳಿದೆ.

"ನನಗೂ ಗೊತ್ತಿಲ್ಲ ಅಜ್ಜ. ಡಬ್ಬಿಗಳ ಗುಟ್ಟು ದೂರದ ಕಚೇರಿಯಲ್ಲಿದೆ. ನನಗೆ ಗೊತ್ತಿದ್ದರೆ ನನ್ನ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ."

ಈ ಮಾತು ನನಗೆ ಹಿಡಿಸಿತು. ಬೇಕೆನ್ನದೆ ನೋಡು ಎಂದು ನಮ್ಮ ಮುನಿಗಳೂ ಹೇಳುತ್ತಾರೆ. ಆದರೆ ಬೇಕೆನ್ನದೆ ಮೊಮ್ಮಗಳನ್ನು ನೋಡುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ.

ಕಡೆಗೆ ಎಲ್ಲರೂ ಏಳುವ ಹೊತ್ತಿಗೆ ಡಾಕ್ಟರು ಇನ್ನೊಂದು ಮಾತು ಸೇರಿಸಿದರು. "ಪುಡಿ ಒಂದರಿಂದಲೇ ಆಗುವುದಿಲ್ಲ. ಮಕ್ಕಳಿಗೆ ಮನೆಯವರ ಆಸರೆ ಬೇಕು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಪುಡಿ ಎಳೆಯುವಾಗ ತಪ್ಪದೆ ಜೊತೆಯಲ್ಲಿ ಕೂತುಕೊಳ್ಳಿ. ಆಸರೆಯಾಗಿರಿ."

ಜನ ಮೆಚ್ಚಿ ತಲೆಯಾಡಿಸಿದರು. ಮೆಟ್ಟಿಲಿಳಿಯುವಾಗ ನಮ್ಮ ಭಟ್ಟಿಯಲ್ಲಿ ಅಕ್ಕಿ ಹುರಿಯುವ ಗೌಸುಸಾಬ, ನನ್ನ ಬಾಲ್ಯದ ಗೆಳೆಯ, "ಹೊರಗಿನಾಕಿ ಆದ್ರೂ ನಮ್ಮ ರೀತಿ ತಿಳ್ದಾಕಿ" ಎಂದ. ಅವನ ಮೊಮ್ಮಗ ಬಾಷಾನೂ ಪರೀಕ್ಷೆಗೆ ಸೇರಿದ್ದ.

ಅಂದಿನಿಂದ ನಮ್ಮ ಊರಿನಲ್ಲಿ ಬೆಳಿಗ್ಗೆ ಸಂಜೆ ಮನೆಮನೆಯ ಪಡಸಾಲೆಯಲ್ಲಿ ಹಿರಿಯರು ಕಿರಿಯರು ಬೆನ್ನಿಗೆ ಬೆನ್ನು ಹಚ್ಚಿ ಕೂತರು. ಮೊದಲು ಉಬ್ಬಸ ಎದ್ದಾಗ ಮಾತ್ರ ಕೊಡುತ್ತಿದ್ದೆವು. ಈಗ ಏಳಲಿ ಬಿಡಲಿ, ಪುಡಿಯ ಜೊತೆಗೆ ಆಸರ. ತ್ರಿಶಲಾ ಡಬ್ಬಿ ಎಳೆದು ನಾಲಿಗೆ ಚಪ್ಪರಿಸಿ "ಸಿಹಿ ಐತಿ ಅಜ್ಜಾ" ಎಂದಳು. ನನ್ನ ಜೀವ ಹಾರಿತು. ಸಿಹಿಯೆಂದರೆ ಬರೀ ಸಕ್ಕರೆಯೇ ಅಲ್ಲವೇ? ಅಂದೇ ಮೇಲ್ಮಾಳಿಗೆ ಹತ್ತಿ ಕೇಳಿದೆ. ಎರಡು ಬಗೆಯೂ ಸಿಹಿಯೇ, ಔಷಧಿಗೂ ಸಕ್ಕರೆ ಬೆರೆಸಿದೆ ಎಂದು ಡಾಕ್ಟರು ನಕ್ಕರು. ಸಮಾಧಾನವಾಗಿ ಇಳಿದು ಬಂದೆ. ಮನೆ ಮುಟ್ಟುವುದರೊಳಗೆ ಸಮಾಧಾನ ಮುಗಿದಿತ್ತು.

ಮಕ್ಕಳು ಚೇತರಿಸಿಕೊಂಡರು. ಅದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಮುಳ್ಳು ವಾರವಾರಕ್ಕೂ ಏರಿತು. ತ್ರಿಶಲಾ ಶಾಲೆಯಿಂದ ಓಡಿಕೊಂಡು ಬರತೊಡಗಿದಳು. ಇಳಿದವರು ನಾವು. ಬಸದಿಯ ಮೆಟ್ಟಿಲನ್ನು ನಾನು ಒಂದೇ ಸಮನೆ ಹತ್ತಲಾರದೆ ನಡುವೆ ಕೂರತೊಡಗಿದೆ.

"ಏನೊ ಜಿನ್ನಪ್ಪ," ಎಂದ ಗೌಸು ಒಂದು ದಿನ, ಹುರಿಯುವ ಬಾಣಲೆ ಬಿಟ್ಟು ಬಂದು ಕಟ್ಟೆಯ ಮೇಲೆ ಕೂತು ಏದುಸಿರು ಬಿಡುತ್ತ. "ಔಷಧ ಹುಡುಗ್ರಿಗಿ ಕೊಟ್ಟಾರೊ ನಮಗ ಕೊಟ್ಟಾರೊ? ಅವು ಮರಕೋತಿ ಆಡಾಕತ್ತಾವ, ನಾವ್ ಗ್ವಾಡಿ ಹಿಡ್ಕೊಂಡ್ ನಡ್ಯಾಕತ್ತೀವಿ."

"ಡಾಕ್ಟರವ್ವ ಹೇಳ್ಯಾಳಲ್ಲೊ, ಆಸರ ಕೊಡ್ರಿ ಅಂತ."

"ಹೇಳ್ಯಾಳಪಾ. ಮುಂಜಾನಿ ಒಮ್ಮೆ, ಸಂಜೀಕ ಒಮ್ಮೆ. ನನ್ನ ಹೇಣ್ತಿ ಸೈತ ನನ್ನ ಕಡಿಂದ ಇಷ್ಟು ಉಸುರು ತಗೊಂಡಿದ್ದಿಲ್ಲ." ಅವನು ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲುವವರೆಗೆ ನಾನು ಅವನ ಬೆನ್ನು ನೋಡುತ್ತ ಕೂತಿದ್ದೆ.

ಒಂದು ಮಧ್ಯಾಹ್ನ ಡಾಕ್ಟರು ನಮ್ಮ ಮನೆಗೇ ಬಂದರು. ಉಜ್ವಲಾ ಚಹಾ, ಒಗ್ಗರಣೆ ಮಂಡಕ್ಕಿ ತಂದಿಟ್ಟಳು. ಡಾಕ್ಟರು ಮಂಡಕ್ಕಿಯನ್ನು ಬೆರಳಿನಿಂದ ಆಚೀಚೆ ಸರಿಸುತ್ತಿದ್ದರೇ ಹೊರತು ತಿನ್ನಲಿಲ್ಲ.

"ಇನ್ನು ಸ್ವಲ್ಪ ದಿನ ಅಜ್ಜ. ಆಮೇಲೆ ಮುಚ್ಚಿಕೊಂಡು ಹೋಗುತ್ತೇವೆ."

"ಯಾಕ್ರಿ? ಮಕ್ಳು ಆರಾಮ ಅದಾವಲ್ಲ."

"ಅದೇ ತೊಂದರೆ. ಎಲ್ಲರೂ ಆರಾಮ ಇದ್ದಾರೆ. ಯಾರಿಗೆ ಯಾವುದು ಅಂತ ನನಗೆ ಗೊತ್ತಿಲ್ಲ, ಆದರೆ ಅರ್ಧ ಮಕ್ಕಳು ಎಳೆದದ್ದು ಬರೀ ಪುಡಿ ಅನ್ನುವುದು ಗೊತ್ತಲ್ಲ. ಎಲ್ಲರ ಮುಳ್ಳೂ ಒಂದೇ ಎತ್ತರಕ್ಕೆ ಏರಿದೆ. ಹಾಗಾದರೆ ಏರಿಸಿದ್ದು ಔಷಧಿ ಅಲ್ಲ ಅಂತಾಯಿತು. ಕಚೇರಿಯವರು ಇದನ್ನು ಕೈಬಿಡುತ್ತಾರೆ. ನನಗೆ ತುಂಬ ನಂಬಿಕೆ ಇತ್ತು ಇದರ ಮೇಲೆ."

ನನ್ನ ಎದೆ ಬಿಗಿಯಿತು. ಬಿಗಿದದ್ದು ಕೇಳಿಸುವಷ್ಟು ಬಿಗಿಯಿತು. ಡಾಕ್ಟರು ತಲೆಯೆತ್ತಿ ನೋಡಿ, ಚೀಲದಿಂದ ಕಿವಿಗೊಳವೆ ತೆಗೆದು, ಹೇಳದೆ ಕೇಳದೆ ನನ್ನ ಬೆನ್ನಿಗೆ ಇಟ್ಟರು.

"ಇದು ಯಾವಾಗಿನಿಂದ ಅಜ್ಜ?"

"ಇದು ನಂದಲ್ಲವ್ವ," ಎಂದೆ. "ತ್ರಿಶಲಾಂದು. ಮುಂಜಾನಿ ಕೊಟ್ಟಿದ್ನಲ್ಲ, ಪೂರಾ ಹೊರಗ ಹೋಗಿಲ್ಲ."

ಅವರು ನಗಲಿಲ್ಲ. ಕೊಳವೆಯನ್ನು ಎಡಕ್ಕೆ ಸರಿಸಿದರು. "ಇಲ್ಲಿ ಬೇರೆ ತರಹದ್ದು ಇದೆ. ದಪ್ಪ ಸ್ವರ."

"ಅದು ಹಳೇದ್ರಿ," ಎಂದೆ.

ಶಾಲೆಯಿಂದ ಬಂದ ತ್ರಿಶಲಾಳನ್ನು ಕರೆದು, ಹೇಗೆ ಕೊಡುತ್ತೀರಿ ತೋರಿಸಿ ಎಂದರು. ನಾವಿಬ್ಬರೂ ಚಾಪೆ ಹಾಸಿ ಕೂತೆವು. ಡಾಕ್ಟರು ಮೊಣಕಾಲೂರಿ ಕೂತು ಕಿವಿಗೊಳವೆಯನ್ನು ಒಮ್ಮೆ ಹುಡುಗಿಯ ಎದೆಗೂ ಒಮ್ಮೆ ನನ್ನ ಎದೆಗೂ ಇಡುತ್ತ ಬಹಳ ಹೊತ್ತು ಕೇಳಿದರು. ಆಮೇಲೆ ಕೊಳವೆಯನ್ನು ಕಿವಿಯಿಂದ ತೆಗೆಯುವುದನ್ನೇ ಮರೆತು ಉಜ್ವಲಾ ಕಡೆ ತಿರುಗಿದರು.

"ಎಲ್ಲರ ಮನೆಯಲ್ಲೂ ಹೀಗೆ ಕೊಡುತ್ತಿದ್ದಾರಾ? ದಿನಾ?"

"ನೀವ ಹೇಳಿದ್ರಲ್ರಿ," ಎಂದಳು ಉಜ್ವಲಾ ಬಾಗಿಲಲ್ಲಿ ನಿಂತು. "ಮುಂಜಾನಿ ಒಮ್ಮೆ ಸಂಜೀಕ ಒಮ್ಮೆ, ತಪ್ಪದ ಆಸರ ಕೊಡ್ರಿ ಅಂತ."

ಡಾಕ್ಟರು ಎರಡೂ ಕೈಗಳಿಂದ ಮುಖ ಒರೆಸಿಕೊಂಡರು. "ನಾನು ಆಸರೆ ಅಂದದ್ದು ಪಕ್ಕದಲ್ಲಿ ಕೂತು ಧೈರ್ಯ ತುಂಬಿ ಅಂತ," ಎಂದರು. ನಮಗಾಗಿ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ.

ಮರುದಿನ ಮತ್ತೆ ಎಲ್ಲರನ್ನೂ ಕೂಡಿಸಿದರು. ಕಚೇರಿಯವರನ್ನು ಬೇಡಿಕೊಂಡು ಒಂದು ಪಕ್ಷದ ಅವಧಿ ಪಡೆದಿದ್ದರು. ಬರುವ ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ಮಕ್ಕಳು ಪುಡಿ ಎಳೆಯಬೇಕು. ಮನೆಯವರು ಯಾರೂ ಬೆನ್ನು ಕೊಡಬಾರದು. ಉಬ್ಬಸ ಎದ್ದರೆ ನೀಲಿ ಪಂಪು ಕೊಟ್ಟು ತಮಗೆ ಹೇಳಿ ಕಳಿಸಬೇಕು, ಯಾವ ಹೊತ್ತಾದರೂ ಬರುತ್ತೇನೆ ಎಂದರು. ಒಲ್ಲದವರು ಈಗಲೇ ಹೊರಗೆ ಹೋಗಬಹುದು, ತಮಗೆ ಕೋಪವಿಲ್ಲ ಎಂದರು.

ಎಲ್ಲರೂ ಒಮ್ಮೆಲೇ ಮಾತಾಡಿದರು. ಹಿಂದಿನ ಸಾಲಿನ ಒಬ್ಬ ಹೆಂಗಸಿನ ದನಿ ಎಲ್ಲದರ ಮೇಲೆ ಕೇಳಿಸಿತು. "ನನ್ನ ಕೂಸು ಉಸುರಿಗಿ ಬಡ್ಕೊಳ್ಳಾಗ ನಾ ಕೈ ಕಟ್ಟಿ ನೋಡ್ಲೇನ್ರಿ? ನಿಮಗ ಮಕ್ಳದಾವೇನು?"

"ಇಲ್ಲ," ಎಂದರು ಡಾಕ್ಟರು.

ಮನೆಗೆ ಬಂದು ನಾನು ಉಜ್ವಲಾಗೆ ಹೇಳಿದೆ: "ಬಿಟ್ಟುಬಿಡೂಣು. ನಾ ಅದೀನಿ."

ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. ನನ್ನೆದುರು ದನಿಯೆತ್ತಿ ಮಾತಾಡಿದವಳಲ್ಲ. ಅಂದೂ ದನಿಯೆತ್ತಲಿಲ್ಲ. "ಮಾವಾರ, ನೀವ್ ಎಷ್ಟ್ ದಿನಾ ಇರ್ತೀರಿ? ನಿಮ್ಮ ಉಸುರು ಈಗ ಅಂಗಳ ದಾಟಾಕ ಸಾಲವಲ್ದು. ನಾಳಿ ನೀವಿಲ್ಲ ಅಂದಾಗ ಆಕಿ ಯಾರ ಬೆನ್ನ ಹುಡುಕ್ಲಿ? ಅತ್ತಿಯೋರ್ದು ನೋಡೀವಲ್ಲ." ಕಡೆಯ ಮಾತು ಆಡಬಾರದಿತ್ತು ಎಂದು ಅವಳಿಗೂ ಅನ್ನಿಸಿತು. ಮೊರವೆತ್ತಿಕೊಂಡು ಒಳಗೆ ಹೋದಳು.

ನಾನು ಬಸದಿಗೆ ಹೋಗಿ ಅಲ್ಲಿ ಪೂಜೆ ಮಾಡುವ ಉಪಾಧ್ಯೆಯವರ ಎದುರು ಪಾರ್ಶ್ವನಾಥನ ಮುಂದೆ ನಿಯಮ ತೆಗೆದುಕೊಂಡೆ. ಹುಣ್ಣಿಮೆಯವರೆಗೆ ಬೆನ್ನು ಕೊಡುವುದಿಲ್ಲ. ಉಪ್ಪು ಬಿಡುವ, ಹಾಲು ಬಿಡುವ ನಿಯಮಗಳನ್ನು ಎಷ್ಟೋ ಸಲ ಮಾಡಿದ್ದೇನೆ. ಅವು ನನ್ನ ನಾಲಿಗೆಯ ಮೇಲಿನವು. ಇದು ಇನ್ನೊಬ್ಬರ ಎದೆಯ ಮೇಲಿನದು. ಉಪಾಧ್ಯೆಯವರು ಮಂತ್ರ ಹೇಳಿ, ಸ್ವಲ್ಪ ತಡೆದು, "ವಿಚಾರ ಮಾಡಿ ತಗೊಂಡೀರಿಲ್ಲೊ?" ಎಂದು ಕೇಳಿದರು. ಹಾಗೆ ಅವರು ಎಂದೂ ಕೇಳಿದ್ದಿಲ್ಲ.

ಆ ಪಕ್ಷದ ದಿನಗಳನ್ನು ನಾನು ಕಿವಿಯಿಂದ ಕಳೆದೆ. ತ್ರಿಶಲಾ ಓದುತ್ತಿದ್ದರೆ ಪದ್ಯ ಕೇಳುತ್ತಿರಲಿಲ್ಲ, ಪದ್ಯದ ನಡುವೆ ಅವಳು ಉಸಿರೆಳೆಯುವುದನ್ನು ಕೇಳುತ್ತಿದ್ದೆ. ಅವಳು ಊಟಕ್ಕೆ ಕೂತರೆ ತುತ್ತಿನ ನಡುವೆ ಕೇಳುತ್ತಿದ್ದೆ. ಜಪಕ್ಕೆ ಕೂತರೆ ಮಣಿ ಕೈಯಲ್ಲಿ ನಿಲ್ಲುತ್ತಿತ್ತು, ಕಿವಿ ಪಡಸಾಲೆಗೆ ಹೋಗುತ್ತಿತ್ತು. ಮೊದಲು ಏನೂ ಆಗಲಿಲ್ಲ. ಔಷಧಿಯೇ ಇರಬೇಕು ಎಂದುಕೊಂಡೆ. ಆಮೇಲೆ ಒಂದು ಮುಂಜಾನೆ ಮುಳ್ಳು ಹಿಂದಿನ ದಿನದಷ್ಟು ಏರಲಿಲ್ಲ. "ಸರಿ ಊದಿಲ್ಲ, ಇನ್ನೊಮ್ಮೆ ಊದು" ಎಂದೆ. ಊದಿದಳು. ಇನ್ನೂ ಕೆಳಗೆ ನಿಂತಿತು. ಮೂರನೆಯ ಸಲ ಉಜ್ವಲಾ ಕೊಳವೆಯನ್ನು ಕಿತ್ತುಕೊಂಡಳು.

ಗೌಸುಸಾಬನ ಬಾಷಾ ಆಡುತ್ತಲೇ ಇದ್ದ. ಅವನ ನಗು ಬೀದಿಯಿಂದ ಕೇಳಿದರೆ ನನಗೆ ಸಂಕಟವಾಗುತ್ತಿತ್ತು. ಇನ್ನೊಬ್ಬರ ಮಗು ಉಸಿರಾಡುವುದನ್ನು ಕೇಳಿ ಸಂಕಟಪಡುವ ಮನುಷ್ಯ ಬಸದಿಯ ಹೊಸಿಲು ದಾಟಬಹುದೇ ಎಂದು ಹೊರಗೇ ನಿಂತು ಕೈಮುಗಿದು ಬಂದ ದಿನವೂ ಉಂಟು.

ಹುಣ್ಣಿಮೆ ಹತ್ತಿರ ಬಂದಿತ್ತು. ಆ ಸಂಜೆ ಓಣಿಯ ತುದಿಯ ಭಟ್ಟಿಯವರು ಹಸಿ ಹೊಟ್ಟು ಒಟ್ಟಿದ್ದರು. ಹೊಗೆ ಮೇಲೇಳದೆ ನೆಲ ಹಿಡಿದು ಬಂತು. ನಾನು ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಪಡಸಾಲೆಯಲ್ಲಿ ಸಿಳ್ಳು ಕೇಳಿಸಿತು. ಸುಮತವ್ವನ ಮಣ್ಣಿನ ದಿನದಿಂದ ಕನಸಿನಲ್ಲಿ ಕೇಳುತ್ತಿದ್ದ ಸಿಳ್ಳು ಅದೇ. ಓಡಿ ಬಂದೆ. ತ್ರಿಶಲಾ ಮಂಡಿಯ ಮೇಲೆ ಕೈಯೂರಿ ಬಾಗಿ ಕೂತಿದ್ದಳು, ಭುಜ ಕಿವಿಯವರೆಗೆ ಏರುತ್ತಿತ್ತು. ಉಜ್ವಲಾ ನೀಲಿ ಪಂಪನ್ನು ಬಾಯಿಗೆ ಹಿಡಿದು ಒತ್ತಿದಳು, ತಡೆದು ಮತ್ತೆ ಒತ್ತಿದಳು. ಭಟ್ಟಿಯಲ್ಲಿದ್ದ ಗೌಸು ದನಿ ಕೇಳಿ ಬಂದವನು ಏನೂ ಕೇಳದೆ ಸೈಕಲ್ ಹತ್ತಿ ಡಾಕ್ಟರ ಕಡೆ ಹೋದ.

ಹುಡುಗಿ ನನ್ನನ್ನು ಕಂಡೊಡನೆ, ಹುಟ್ಟಿದಾಗಿನಿಂದ ಮಾಡಿದಂತೆ, ತಿರುಗಿ, ನಾನು ಕೂರುವ ಕಂಬದ ಕಡೆ ಬೆನ್ನು ಮಾಡಿದಳು. "ಅಜ್ಜಾ... ಬೆನ್ನು..."

ನಾನು ಅಲುಗಲಿಲ್ಲ.

"ಮಾವಾರ," ಎಂದಳು ಉಜ್ವಲಾ. ಅವಳ ಒಂದು ಕೈ ಹೊಟ್ಟೆಯ ಮೇಲಿತ್ತು. "ಮಾವಾರ, ನಿಯಮ ಗಿಯಮ ಬಿಡ್ರಿ. ನಾ ಅಂದಿದ್ದ ತಪ್ಪು. ಕೊಡ್ರಿ."

ಕೊಡಬೇಕೆಂದೇ ಮುಂದೆ ಬಂದೆ. ಪಾರ್ಶ್ವನಾಥನ ಮುಂದೆ ಆಡಿದ ಮಾತು ನೆನಪಿರಲಿಲ್ಲ, ಊರ ಮಕ್ಕಳ ಔಷಧಿ ನೆನಪಿರಲಿಲ್ಲ. ಚಾಪೆ ಕಂಬಕ್ಕೂ ಹುಡುಗಿಗೂ ನಡುವೆ ಇತ್ತು. ಅವಳ ಹಿಂದೆ ಕೂರಬೇಕಾದರೆ ಅವಳನ್ನು ಸುತ್ತಿಕೊಂಡು ಹೋಗಬೇಕಿತ್ತು. ಸುತ್ತುವಾಗ ಅವಳ ಮುಖ ಕಂಡಿತು.

ಬೆನ್ನು ಕೊಡುವವರಿಗೆ ಮುಖ ಕಾಣುವುದಿಲ್ಲ. ನಾನು ಸುಮತವ್ವನಿಗೆ ಆಯುಷ್ಯವಿಡೀ ಆಸರ ಕೊಟ್ಟೆ. ಉಬ್ಬಸದ ಹೊತ್ತಿನಲ್ಲಿ ಅವಳ ಮುಖ ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಅದೇ ಹುಬ್ಬು, ಅದೇ ತುಟಿ. ಕಣ್ಣು ಅಗಲವಾಗಿ, ಎದುರಿಗೆ ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತಿತ್ತು. ಸುಮತವ್ವನ ಕಣ್ಣು ಅಷ್ಟು ವರ್ಷ ಹೀಗೆ ಹುಡುಕಿ, ಎದುರಿಗೆ ಗೋಡೆಯನ್ನು ಕಂಡಿರಬೇಕು. ನಾನಿದ್ದೇನೆ ಎಂದು ನನ್ನ ಬೆನ್ನು ಹೇಳುತ್ತಿತ್ತು, ನಿಜ. ಆದರೆ ಕಣ್ಣು ಬೆನ್ನಿನ ಮಾತು ಕೇಳುವುದಿಲ್ಲ.

ಆ ಕಣ್ಣು ನನ್ನನ್ನು ಕಂಡು ನಿಂತಿತು. ಅದನ್ನು ಬಿಟ್ಟು ಹಿಂದೆ ಹೋಗಲು ನನ್ನಿಂದ ಆಗಲಿಲ್ಲ. ಅಲ್ಲೇ ಎದುರಿಗೆ ಕುಸಿದು ಕೂತೆ.

"ಬೆನ್ನಿಲ್ಲವ್ವ," ಎಂದೆ. "ಮಾರಿ ಐತಿ. ಇಲ್ಲಿ ನೋಡು."

ಅವಳು ನೋಡಿದಳು. ನಾನು ತುಟಿ ಸಣ್ಣ ಮಾಡಿ ದೀಪ ಆರಿಸದಷ್ಟು ಮೆಲ್ಲಗೆ ಊದಿದೆ. ಡಾಕ್ಟರು ಮಕ್ಕಳಿಗೆ ಕಲಿಸಿದ ರೀತಿ. ಅವಳೂ ಊದಲು ಹೋದಳು, ಕೆಮ್ಮಿದಳು, ಮತ್ತೆ ಊದಿದಳು. ನನ್ನಿಂದ ಅವಳಿಗೆ ಏನೂ ದಾಟಲಿಲ್ಲ. ಅವಳ ಸಿಳ್ಳು ಅವಳಲ್ಲೇ ಇತ್ತು. ಅದು ಇಳಿಯುವುದೋ ಏರುವುದೋ ನನ್ನ ಕೈಯಲ್ಲಿರಲಿಲ್ಲ, ಅವಳ ಕೈ ಮಾತ್ರ ನನ್ನ ಕೈಯಲ್ಲಿತ್ತು. ಉಗುರು ನಾಟುವಂತೆ ಹಿಡಿದಿದ್ದಳು. ಉಜ್ವಲಾ ಮತ್ತೆ ಪಂಪು ಒತ್ತಿದಳು. ಹೊರಗೆ ಸೈಕಲ್ಲಿನ ಸದ್ದಾಗುವುದನ್ನು ಮೂವರೂ ಕಾಯುತ್ತಿದ್ದೆವು, ಯಾರೂ ಬಾಗಿಲ ಕಡೆ ನೋಡುತ್ತಿರಲಿಲ್ಲ.

ಡಾಕ್ಟರು ಗೌಸುವಿನ ಸೈಕಲ್ಲಿನ ಹಿಂದೆ ಕೂತು, ಆವಿ ಕೊಡುವ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ಹುಡುಗಿಯ ಮೂಗು ಬಾಯಿಗೆ ಮುಖವಾಡ ಹಚ್ಚಿದರು. ಯಂತ್ರ ಗುಂಯ್ ಎಂದಿತು. ಸ್ವಲ್ಪ ಸ್ವಲ್ಪವಾಗಿ ಭುಜ ಕೆಳಗಿಳಿಯಿತು. ಕಡೆಗೆ ತ್ರಿಶಲಾ ಮುಖವಾಡದೊಳಗಿಂದಲೇ "ಗೌಸಜ್ಜನ ಸೈಕಲ್ಲಿಗಿ ಬೆಲ್ಲಿಲ್ಲ" ಎಂದಳು. ಉಜ್ವಲಾ ಅಡುಗೆಮನೆಗೆ ಹೋಗಿ ಅತ್ತಳು.

"ಬೆನ್ನು ಕೊಟ್ಟಿರಾ ಅಜ್ಜ?" ಎಂದು ಡಾಕ್ಟರು ಮೆಲ್ಲಗೆ ಕೇಳಿದರು. "ಕೊಟ್ಟಿದ್ದರೂ ತಪ್ಪಿಲ್ಲ. ನನಗೆ ಗೊತ್ತಾಗಬೇಕು ಅಷ್ಟೆ."

"ಕೊಡ್ಲಿಲ್ರಿ," ಎಂದೆ. "ಎದರಿಗಿ ಕುಂತಿದ್ದೆ."

ಅವರು ಕಿವಿಗೊಳವೆಯನ್ನು ನನ್ನ ಬೆನ್ನಿಗಿಟ್ಟು ಕೇಳಿ, ನಂಬಿದರು.

ಹುಣ್ಣಿಮೆಗೆ ಎಲ್ಲ ಮಕ್ಕಳೂ ಊದಿದರು. ಈ ಸಲ ಮುಳ್ಳು ಎರಡು ಪಾಲಾಯಿತು. ಅರ್ಧ ಮಕ್ಕಳದು ಮೇಲೆಯೇ ನಿಂತಿತ್ತು, ಅರ್ಧ ಮಕ್ಕಳದು ಬಿದ್ದಿತ್ತು. ಕಚೇರಿಯವರು ಡಬ್ಬಿಗಳ ಗುಟ್ಟು ಬಿಚ್ಚಿದಾಗ ನಾವು ಅಂಜಿದ್ದೇ ನಿಜವಾಗಿತ್ತು. ತ್ರಿಶಲಾ ಎಳೆದದ್ದು ಬರೀ ಪುಡಿ. ಗೌಸುಸಾಬ ಎರಡು ದಿನ ಭಟ್ಟಿಗೆ ಬರಲಿಲ್ಲ. ಮೂರನೆಯ ದಿನ ಬಂದು ಕಟ್ಟೆಯ ತುದಿಯಲ್ಲಿ ಕೂತ. "ನಮ್ಮ ಹುಡುಗಗ ಖರೇ ಔಷಧ ಬಂದಿತ್ತಂತ. ನಿನಗ ಮಾರಿ ತೋರ್ಸಾಕ ಆಗವಲ್ದು."

"ಮಾರಿನ ತೋರ್ಸಬೇಕೊ," ಎಂದೆ. "ಬೆನ್ನ ಬ್ಯಾಡ." ಅವನಿಗೆ ಅರ್ಥವಾಗಲಿಲ್ಲ, ಆದರೂ ನಕ್ಕ.

ಔಷಧಿ ಪರೀಕ್ಷೆಯಲ್ಲಿ ಗೆದ್ದಿತು. ದೀಪಾವಳಿಯ ಹೊತ್ತಿಗೆ ಎಲ್ಲ ಮಕ್ಕಳಿಗೂ ನಿಜವಾದ ಡಬ್ಬಿ ಬಂತು. ಉಜ್ವಲಾ ಗಂಡು ಹೆತ್ತಳು. ಆ ಕೂಸು ಮಲಗಿದಾಗ ನಾನು ಬಾಗಿ ಅದರ ಉಸಿರು ಕೇಳುತ್ತೇನೆ. ಕೇಳಬೇಡಿ ಮಾವಾರ, ಅದಕ್ಕೇನೂ ಆಗಿಲ್ಲ ಎಂದು ಉಜ್ವಲಾ ಬೈಯುತ್ತ ತಾನೂ ಬಾಗುತ್ತಾಳೆ. ಈಗಲೂ ಹೆಣ್ಣು ನೋಡಲು ಹೋದವರು ಹುಡುಗ ಹುಡುಗಿಯನ್ನು ಬೆನ್ನಿಗೆ ಬೆನ್ನು ಕೂರಿಸುತ್ತಾರೆ, ಶಾಸ್ತ್ರಕ್ಕೆ.

ಊರು ಬಿಡುವ ಮುಂಚೆ ಡಾಕ್ಟರು ಹಿರಿಯರನ್ನೆಲ್ಲ ಒಮ್ಮೆ ಪರೀಕ್ಷೆ ಮಾಡಿದರು. ನನ್ನ ಎಡ ಪಕ್ಕೆಗೆ ಬಂದಾಗ ಕಿವಿಗೊಳವೆ ನಿಂತಿತು. ಒಂದು ಡಬ್ಬಿ ತೆಗೆದು ಕೈಯಲ್ಲಿಟ್ಟರು.

"ಇದು ನಂದಲ್ರಿ," ಎಂದೆ.

"ಗೊತ್ತು ಅಜ್ಜ. ಯಾರದು ಅಂತ ನಾನು ಕೇಳುವುದಿಲ್ಲ."

"ಎಳದ್ರ ಹೋಗ್ತೈತೇನ್ರಿ?"

"ಹೋಗಬಹುದು. ಆದರೆ ಬಿಟ್ಟರೆ ಅದು ನಿಮ್ಮನ್ನು ತೆಗೆದುಕೊಂಡು ಹೋಗುತ್ತದೆ."

ಡಬ್ಬಿಯನ್ನು ಸುಮತವ್ವನ ಪಟದ ಕೆಳಗಿನ ಗೂಡಿನಲ್ಲಿಟ್ಟೆ. ಅಲ್ಲಿಯೇ ಇತ್ತು. ಬಸದಿಯಲ್ಲಿ ಉಪಾಧ್ಯೆಯವರು ಪರಿಗ್ರಹದ, ಅಂದರೆ ನನ್ನದೆಂದು ಹಿಡಿದಿಟ್ಟುಕೊಳ್ಳುವುದರ ವಿಷಯ ಓದುವಾಗ, ಬಂಗಾರ ಭೂಮಿಗಳ ಹೆಸರು ಬಂದಷ್ಟು ಹೊತ್ತು ನೆಟ್ಟಗೆ ಕೂತಿರುತ್ತಿದ್ದೆ. ಮುಂದಕ್ಕೆ ಒಳಗಿನ ಮೋಹಗಳನ್ನು ಓದಿದರೆ ತಲೆ ತಗ್ಗಿಸುತ್ತಿದ್ದೆ. ಎದೆಯೊಳಗಿನ ಒಂದು ಸಿಳ್ಳು ಪರಿಗ್ರಹವಾದೀತೇ ಎಂದು ಅವರನ್ನು ಕೇಳಲು ಧೈರ್ಯ ಬರಲಿಲ್ಲ. ಹೌದು ಎಂದುಬಿಟ್ಟರೆ ಏನು ಮಾಡಲಿ?

ಒಂದು ಸಂಜೆ ಕಂಬಕ್ಕೆ ಒರಗಿ ಕೂತಿದ್ದೆ. ತ್ರಿಶಲಾ ತನ್ನ ಡಬ್ಬಿ ಎಳೆದು ಮುಗಿಸಿ, ಗೂಡಿನಿಂದ ನನ್ನದನ್ನು ತಂದು, ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂತಳು. ನಾನು ಮುಖ ತಿರುಗಿಸಿದೆ. ಅವಳು ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಬೆನ್ನಿಲ್ಲಜ್ಜಾ," ಎಂದಳು. "ಮಾರಿ ಐತಿ. ಇಲ್ಲಿ ನೋಡು."

ಅದೇ ಹುಬ್ಬು, ಅದೇ ತುಟಿ. ಬಾಯಿಗೆ ಡಬ್ಬಿ ಇಟ್ಟು ಎಳೆದೆ. ನಾಲಿಗೆಯ ಮೇಲೆ ಸಿಹಿ ನಿಂತಿತು. ಆ ರಾತ್ರಿ ಮಲಗಿದಾಗ ಸಿಳ್ಳು ಇನ್ನೂ ಇತ್ತು. ಈಗ ಸ್ವಲ್ಪ ಸಣ್ಣದಾಗಿದೆ. ದಿನವೂ ಎಳೆಯುವ ಮುಂಚೆ ಒಂದು ಗಳಿಗೆ ತಡೆದು ಅದನ್ನು ಕೇಳುತ್ತೇನೆ. ಎದುರಿಗೆ ಹುಡುಗಿ ಕಾಯುತ್ತಿರುತ್ತಾಳೆ. ಕೇಳಿ ಆದ ಮೇಲೆ ಎಳೆಯುತ್ತೇನೆ.